ಮುಂದಿನೂರಿಗೆ ಹೋಗು ತಾಯಿ

ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರ ನಮ್ಮ ಬಸವನಗುಡಿಯ ಜಾತ್ರೆ, ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಆಗಲೇ ರಾಶಿ ಬಿದ್ದಿದೆ. ನಿಮ್ಮಲ್ಲಿ ಕೆಲವರ ಚೀಲದಲ್ಲೂ ಇದೆ, ಘಮ ಇಲ್ಲಿವರೆಗೂ ಬರುತ್ತಿದೆ. ತಿನ್ನಿ, ಪರವಾಗಿಲ್ಲ. ಮಾತನ್ನೂ ಅಲ್ಲಿಂದಲೇ ಶುರು ಮಾಡೋಣ. ಹಿಂದೆ ಇಲ್ಲಿದ್ದ ಸುಂಕೇನಹಳ್ಳಿಯ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನ ಕಥೆ ನಿಮಗೆಲ್ಲ ಗೊತ್ತು. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನ ಹಡಗುಗಳು ಬಂದ ಮೇಲೆ ಅದು ಈ ದೇಶಕ್ಕೆ ಬಂತು. ಹೊಲದಲ್ಲಿ ಬೆಳೆ ಬದಲಾಯಿತು, ದೇವರ ಬಾಯಿರುಚಿಯೂ ಬದಲಾಯಿತು. ಎಷ್ಟು ಚೆನ್ನಾಗಿದೆ ಅಲ್ವಾ?

ದೇವರ ಕಲ್ಪನೆ ಹೇಗೆ ಬೆಳೆಯುತ್ತದೆ ಅಂತ ತಿಳಿಯಬೇಕಾದರೆ ಜನರ ಹರಕೆ ಕೇಳಿಸಿಕೊಳ್ಳಿ. ಏನು ಬೇಡುತ್ತಾರೆ, ಯಾರಿಗಾಗಿ ಬೇಡುತ್ತಾರೆ. ಅದರಲ್ಲಿ ದೇವರು ಎಷ್ಟು ದೊಡ್ಡವನು ಅನ್ನೋದು ಗೊತ್ತಾಗಿಬಿಡುತ್ತದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಂಡರು. ಆ ಭಯದಲ್ಲಿ ಹುಟ್ಟಿದ ತಾಯಿ ಪ್ಲೇಗಮ್ಮ. ಇಲ್ಲೇ ಹತ್ತಿರ, ತ್ಯಾಗರಾಜನಗರದಲ್ಲಿ ಇವತ್ತಿಗೂ ಅವಳ ಗುಡಿ ಇದೆ. ಇದಕ್ಕಿಂತ ಹಳೆಯ ಪದ್ಧತಿ ಇನ್ನೊಂದಿತ್ತು. ರೋಗ ಬಂದರೆ ಮಾರಿಯನ್ನು ಪೂಜೆ ಮಾಡಿ ಊರ ಗಡಿ ದಾಟಿಸುವುದು. ಗಡಿಯಾಚೆ ಏನಿದೆ? ಇನ್ನೊಂದು ಊರು. ಅವರೂ ಪೂಜೆ ಮಾಡಿ ಮುಂದಕ್ಕೆ ಕಳಿಸುತ್ತಿದ್ದರು. ಹರಕೆ ಕೇಳಿ ಅಂದೆನಲ್ಲ, ಇಲ್ಲಿ ಹರಕೆ ನಮ್ಮೂರಿನ ಬೇಲಿಗೇ ನಿಂತಿದೆ. ದೇವರೂ ಅಷ್ಟಕ್ಕೇ ನಿಂತಿದ್ದಾಳೆ.

ನಮ್ಮಜ್ಜಿಯ ಕಥೆ ಹೇಳಬೇಕು. ನನಗೆ ಆಗ ಏಳು ವರ್ಷ. ಚಾಮರಾಜಪೇಟೆಯ ವಠಾರದಲ್ಲಿದ್ದೆವು. ನನಗೆ ‘ಅಮ್ಮ’ ಆಯಿತು. ನೋಡಿ, ಕಾಯಿಲೆಗೂ ಅಮ್ಮ ಅಂತಲೇ ಹೆಸರು! ಬೈಯುವ ಹಾಗಿಲ್ಲ, ಅವಳು ಮನೆಗೆ ಬಂದ ಅತಿಥಿ. ಅಜ್ಜಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಮನೆಯಲ್ಲಿ ಒಗ್ಗರಣೆ ಇಲ್ಲ. ಬರೀ ಮೊಸರನ್ನ. ಮೈ ನವೆಯಾದರೆ ಬೇವಿನ ಕಡ್ಡಿಯಲ್ಲಿ ಮೆಲ್ಲಗೆ ಸವರುತ್ತಿದ್ದರು. ಆ ತಂಪು ಇನ್ನೂ ನೆನಪಿದೆ. ಬೇವಿನ ನೀರಿನಲ್ಲಿ ಮೀಯಿಸಿದ ದಿನ ತಂಬಿಟ್ಟಿನ ದೀಪ ಹಚ್ಚಿ ಕೈ ಮುಗಿದು, ‘ತಂಪಾಗಿ ಮುಂದಿನೂರಿಗೆ ಹೋಗು ತಾಯಿ’ ಅಂದರು. ಅವರಮ್ಮ ಹೇಳುತ್ತಿದ್ದ ಮಾತು ಅದು.

ನಾನು ಕೇಳಿದೆ, ‘ಅಜ್ಜಿ, ಮುಂದಿನೂರಲ್ಲಿ ಹುಡುಗರು ಇಲ್ವಾ?’

ಪಕ್ಕದ ಬೀದಿಯಲ್ಲಿ ನನ್ನ ಜೊತೆ ಗೋಲಿ ಆಡುವ ಹುಡುಗನಿದ್ದ. ನನಗೆ ಅದೇ ಬೇರೆ ಊರು. ಅಜ್ಜಿ ಸುಮ್ಮನಾದರು. ದೀಪದ ಬತ್ತಿ ಸರಿಮಾಡಿದರು. ಆಮೇಲೆ ಮತ್ತೆ ಕೈ ಮುಗಿದರು. ‘ಯಾರ ಮನೆಗೂ ಹೋಗ್ಬೇಡ ತಾಯಿ. ನಿನ್ನ ಮನೆಗೆ ಹೋಗು.’

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಒಂದು ಗಳಿಗೆಯಲ್ಲಿ ಅವರ ದೇವರು ಬೆಳೆದದ್ದನ್ನು ನಾನು ಕಣ್ಣಾರೆ ನೋಡಿದೆ.

ವಿಜ್ಞಾನ ಬಂದರೆ ಇದೆಲ್ಲ ಹೋಗುತ್ತದೆ ಅನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಪ್ಲೇಗ್ ಇದ್ದ ಅದೇ 1898ರಲ್ಲಿ, ಕರಾಚಿಯಲ್ಲಿ ಸಿಮೋನ್ ಎಂಬ ಫ್ರೆಂಚ್ ವೈದ್ಯರು ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಎಂದು ತೋರಿಸಿದರು. ಸಿಡುಬು 1980ರ ಹೊತ್ತಿಗೆ ಭೂಮಿಯಿಂದಲೇ ಹೋಯಿತು. ಲಸಿಕೆಯಿಂದ ಹೋಯಿತು, ಅದನ್ನು ಗಟ್ಟಿಯಾಗಿ ಹೇಳೋಣ. ಆದರೂ ಪ್ಲೇಗಮ್ಮ ಗುಡಿ ಬಿಟ್ಟು ಹೋಗಲಿಲ್ಲ. ಈಗ ಮಗಳ ಮದುವೆ, ಮಗನ ಕೆಲಸ ಅಂತ ಬೇಡುತ್ತಾರೆ. ಭಯದ ಜಾಗಕ್ಕೆ ಸಲುಗೆ ಬಂದಿದೆ.

ಚೀಟಿ ಬಂತು, ಐದೇ ನಿಮಿಷ ಅಂತೆ. ಎತ್ತು, ಕುದುರೆಗಳಿಗೆ ಕೈಯಿದ್ದಿದ್ದರೆ ತಮ್ಮಂಥ ದೇವರನ್ನೇ ಬಿಡಿಸುತ್ತಿದ್ದವು ಅಂದ ಗ್ರೀಸಿನ ಜೆನೊಫನೀಸ್ ಬಗ್ಗೆ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಬಸವಣ್ಣನವರನ್ನು ಬಿಡಲಾರೆ. 12ನೇ ಶತಮಾನದಲ್ಲಿ ಅವರು ಬೇಡಿದ್ದೇನು? ‘ಇವನಾರವ’ ಎಂದು ಎನಿಸಬೇಡ, ‘ಇವ ನಮ್ಮವ’ ಎಂದು ಎನಿಸು. ಹರಕೆ ಕೇಳಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ. ಮಳೆ ಕೇಳಲಿಲ್ಲ, ಮಗ ಕೇಳಲಿಲ್ಲ. ‘ನಮ್ಮವರು’ ಅನ್ನೋ ಮಾತು ದೊಡ್ಡದಾಗಲಿ ಅಂತ ಕೇಳಿಕೊಂಡರು.

ಆದರೆ ಒಮ್ಮೆ ಬೆಳೆದ ದೇವರು ಹಾಗೇ ಉಳಿಯುತ್ತಾನೆ ಅಂದುಕೊಳ್ಳಬೇಡಿ. 2020ರಲ್ಲಿ, ಕೊರೊನಾ ಸಮಯ, ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಬ್ಬರು ನರ್ಸ್ ಬಾಡಿಗೆಗೆ ಇದ್ದರು. ಉಳಿದವರು ಮೀಟಿಂಗ್ ಸೇರಿ ಆಕೆಗೆ ಮನೆ ಖಾಲಿ ಮಾಡಲು ಹೇಳಿದರು. ಓದಿದವರೇ ಎಲ್ಲ. ಬೇಡ ಅಂತ ನಾನು ಎದ್ದು ಹೇಳಿದೆ, ಇನ್ನಿಬ್ಬರು ಹೇಳಿದರು, ಸಾಲಲಿಲ್ಲ. ಮುಂದಿನೂರಿಗೆ ಹೋಗು ತಾಯಿ! ನನ್ನ ಕಿವಿಯಲ್ಲಿ ಅದೇ ಕೇಳುತ್ತಿತ್ತು. ಆಕೆ ಎರಡು ಚೀಲ ಹಿಡಿದು ಗೇಟು ದಾಟಿದರು. ಗೇಟಿನ ಪಕ್ಕದ ಗಣಪತಿಗೆ ಆ ಸಂಜೆಯೂ ಎಂದಿನಂತೆ ದೀಪ ಹಚ್ಚಿದ್ದರು. ಕೈ ಮುಗಿದು ನಿಂತೆ. ಏನು ಬೇಡಬೇಕೋ ತೋಚಲಿಲ್ಲ.

ಮತ್ತೆ ಚೀಟಿ ಬಂತು. ನಮಸ್ಕಾರ.