ನೀರಿಗಿಳಿಯದ ಹಡಗು: ನೆರೂಡರ ಕಡಲಂಚಿನ ಮನೆ

[ದೃಶ್ಯ: ಕಪ್ಪು ಬಂಡೆಗೆ ಬಡಿಯುವ ಅಲೆ]

ನಮಸ್ಕಾರ. ಈ ಊರಿನ ಹೆಸರು ಇಸ್ಲಾ ನೇಗ್ರಾ. ಸ್ಪ್ಯಾನಿಷ್‌ನಲ್ಲಿ ಹಾಗಂದ್ರೆ ಕರಿ ದ್ವೀಪ. ಆದರೆ ಇದು ದ್ವೀಪವೇ ಅಲ್ಲ! ಚಿಲಿ ದೇಶದ ಕರಾವಳಿಯ ಸಣ್ಣ ಊರು. ಈ ಬಂಡೆಗಳನ್ನು ನೋಡಿ ಕವಿ ಪಾಬ್ಲೋ ನೆರೂಡ ಇಟ್ಟ ಹೆಸರಿದು. ಊರಿಗೂ ಅದೇ ಅಂಟಿಕೊಂಡಿತು.

ರಾಜಧಾನಿ ಸ್ಯಾಂಟಿಯಾಗೋದಿಂದ ಸುಮಾರು 110 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಇಲ್ಲಿರುತ್ತೀರಿ. ನೋಡಬೇಕಾದದ್ದು ನೆರೂಡರ ಮನೆ, ಈಗದು ಮ್ಯೂಸಿಯಂ. ಸೋಮವಾರ ಮಾತ್ರ ಬರಬೇಡಿ, ಬಾಗಿಲು ಹಾಕಿರುತ್ತದೆ.

[ದೃಶ್ಯ: ಮನೆಯ ಹೊರಗೋಡೆ, ಅಂಗಳ]

ಒಂದು ತೊಂದರೆ ಇದೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಹಾಗಾಗಿ ನೀವು ಸಮುದ್ರ ನೋಡುತ್ತಾ ಇರಿ, ಮನೆಯನ್ನು ನಾನು ಬಾಯಲ್ಲೇ ತೋರಿಸುತ್ತೇನೆ.

1930ರ ದಶಕದ ಕೊನೆಯಲ್ಲಿ ನೆರೂಡ ಇದನ್ನು ಸ್ಪೇನಿನ ನಾವಿಕರೊಬ್ಬರಿಂದ ಕೊಂಡಾಗ ಇದ್ದದ್ದು ಪುಟ್ಟ ಕಲ್ಲುಮನೆ. ಆಮೇಲೆ ಪಕ್ಕಕ್ಕೊಂದು ಕೋಣೆ, ಅದರ ಪಕ್ಕಕ್ಕಿನ್ನೊಂದು. ಉದ್ದಕ್ಕೆ, ಕಿರಿದಾಗಿ, ರೈಲು ಬೋಗಿಗಳ ಹಾಗೆ ಬೆಳೆಯಿತು. ಅವರ ಅಪ್ಪ ರೈಲ್ವೆಯಲ್ಲಿದ್ದವರು. ಅಂಗಳದಲ್ಲಿ ಹಳೇ ಉಗಿ ಇಂಜಿನ್ನೂ ನಿಂತಿದೆ.

ಒಳಗೆ ಹೋದರೆ ಮಾತ್ರ ಹಡಗು. ತಗ್ಗಿದ ಸೂರು, ಇಕ್ಕಟ್ಟಾದ ಬಾಗಿಲು, ಕಾಲಡಿ ಮರದ ಹಲಗೆ. ಹಳೇ ಹಡಗುಗಳ ಮುಂಭಾಗಕ್ಕೆ ಮರದ ಬೊಂಬೆ ಕಟ್ಟುತ್ತಿದ್ದರಲ್ವಾ? ಅಂಥವನ್ನು ಎಲ್ಲೆಲ್ಲಿಂದಲೋ ತಂದು ತುಂಬಿಸಿದ್ದಾರೆ. ಅದರಲ್ಲಿ ಮರಿಯಾ ಸೆಲೆಸ್ತೆ ಎಂಬಾಕೆಗೆ ಗಾಜಿನ ಕಣ್ಣು. ಚಳಿಗಾಲದಲ್ಲಿ ಬೆಂಕಿ ಹಾಕಿದಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಕೋಣೆಯ ತೇವ ತಣ್ಣನೆ ಗಾಜಿನ ಮೇಲೆ ಹನಿಗಟ್ಟುವುದು, ಅಷ್ಟೇ. ಬಿಸಿ ಕಾಫಿ ಕುಡಿಯುವಾಗ ಕನ್ನಡಕ ಮಸುಕಾಗಲ್ವಾ, ಅದೇ ಲೆಕ್ಕ. ಕವಿಯ ಮನೆಯಲ್ಲಿ ಅದು ಅಳು.

ಮನೆಯೊಳಗೇ ಇರುವ ಬಾರಿನ ತೊಲೆಗಳ ಮೇಲೆ ತೀರಿಹೋದ ಗೆಳೆಯರ ಹೆಸರು ಕೆತ್ತಿಸಿದ್ದಾರೆ. 1936ರಲ್ಲಿ ಸ್ಪೇನಿನಲ್ಲಿ ಗುಂಡಿಗೆ ಬಲಿಯಾದ ಕವಿ ಲೋರ್ಕಾ ಅಲ್ಲಿದ್ದಾರೆ. ಕೆಳಗೆ ಗ್ಲಾಸು, ತಲೆ ಮೇಲೆ ಗೆಳೆಯರು.

ಅಲ್ಲಿ ನಿಂತಾಗ ಇನ್ನೊಂದು ವಿಷಯ ನೆನಪಾಗಬೇಕು. ಯುವಕ ನೆರೂಡ ಕೊಲಂಬೋದಲ್ಲಿ ಚಿಲಿಯ ಕಾನ್ಸಲ್ ಆಗಿದ್ದರು. ಮನೆಯ ಕಕ್ಕಸು ತೊಳೆಯಲು ಬರುತ್ತಿದ್ದ ತಮಿಳು ಹೆಂಗಸಿನ ಮೇಲೆ ಬಲಾತ್ಕಾರ ಮಾಡಿದ್ದನ್ನು ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. 2018ರಲ್ಲಿ ಸ್ಯಾಂಟಿಯಾಗೋ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡುವ ಮಾತು ಬಂದಾಗ ಚಿಲಿಯ ಮಹಿಳಾ ಹೋರಾಟಗಾರರು ಇದನ್ನೇ ಎತ್ತಿ ವಿರೋಧಿಸಿದರು. ಆ ಹೆಂಗಸಿನ ಹೆಸರನ್ನು ನೆರೂಡ ಎಲ್ಲೂ ಬರೆದಿಲ್ಲ. ತೊಲೆ ತುಂಬಾ ಹೆಸರು ಕೆತ್ತಿಸಿದವರು!

[ದೃಶ್ಯ: ಅಂಗಳದ ದೋಣಿ]

ಹೊರಗೆ ಬಂದೆವು. ಈ ದೋಣಿ ನೋಡಿ. ಇದನ್ನು ನೆರೂಡ ಒಮ್ಮೆಯೂ ನೀರಿಗಿಳಿಸಲಿಲ್ಲ. ಗೆಳೆಯರ ಜೊತೆ ಇದರಲ್ಲಿ ಕೂತು ಕುಡಿಯುತ್ತಿದ್ದರು. ಎರಡು ಗ್ಲಾಸ್ ಆದರೆ ನೆಲವೂ ತೂಗುತ್ತದೆ, ಕಡಲು ಯಾಕೆ?

[ದೃಶ್ಯ: ಸಮಾಧಿ]

1971ರಲ್ಲಿ ನೊಬೆಲ್ ಬಂತು. 1973ರ ಸೆಪ್ಟೆಂಬರ್ 11ರಂದು ಸೇನೆ ಅಧಿಕಾರ ಕಸಿದುಕೊಂಡಿತು. ಹನ್ನೆರಡೇ ದಿನಕ್ಕೆ ನೆರೂಡ ಸ್ಯಾಂಟಿಯಾಗೋದ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಸ್ಲಾ ನೇಗ್ರಾದಲ್ಲೇ ಹೂಳಿ ಅಂತ ಕವಿತೆಯಲ್ಲಿ ಕೇಳಿಕೊಂಡಿದ್ದರು. ಸರ್ವಾಧಿಕಾರ ಹೋಗಿ, 1992ರ ಡಿಸೆಂಬರ್‌ನಲ್ಲಷ್ಟೇ ಅದು ಈಡೇರಿತು. ಪಕ್ಕದಲ್ಲಿ ಹೆಂಡತಿ ಮಟಿಲ್ಡೆ. ವಿಷ ಹಾಕಿರಬಹುದು ಎಂಬ ಅನುಮಾನಕ್ಕೆ 2013ರಲ್ಲಿ ಮತ್ತೆ ಅಗೆದು ತೆಗೆದರು, 2016ರಲ್ಲಿ ವಾಪಸ್ ತಂದು ಹೂಳಿದರು.

ಸಮಾಧಿಯ ಸುತ್ತಿನ ಕಟ್ಟೆ ಹಡಗಿನ ಮೂತಿಯ ಹಾಗಿದೆ, ಕಡಲಿಗೆ ಮುಖ ಮಾಡಿ.

ಈಜುವ ಆಸೆ ಬೇಡ. ದಕ್ಷಿಣದಿಂದ ಬರುವ ಹಂಬೋಲ್ಟ್ ಎಂಬ ತಣ್ಣನೆ ಕಡಲ ಹರಿವಿನಿಂದ ನೀರು ಜನವರಿಯಲ್ಲೂ, ಅಂದರೆ ಇಲ್ಲಿನ ಬೇಸಿಗೆಯಲ್ಲೂ, ಕೊರೆಯುತ್ತದೆ. ನೆರೂಡರ ಹಾಗೆ ದಡದಲ್ಲೇ ಕೂತಿರಿ, ಸಂಜೆಯ ಬಸ್ ಬರುವ ತನಕ.