ಹುಣಸೆ ಮರದ ಕೆಳಗೆ ಮೂರು ಗಂಟೆ

ಎಲ್ಲರಿಗೂ ನಮಸ್ಕಾರ. ಹಿಂದಿನವರಿಗೆ ಕೇಳಿಸ್ತಿದೆಯಾ? ಸರಿ. ನನಗೆ ಕೊಟ್ಟ ವಿಷಯ ‘ಪ್ರಕೃತಿ ಛಾಯಾಗ್ರಹಣ ಮತ್ತು ಮನಶ್ಶಾಂತಿ’. ಹೆಸರೇ ನಮ್ಮ 600 ಎಂಎಂ ಲೆನ್ಸಿನಷ್ಟು ಭಾರ ಇದೆ. ನಾನು ಹೇಳೋದು ಚಿಕ್ಕ ಮಾತು. ಕ್ಯಾಮೆರಾ ಅನ್ನೋದು ಸುಮ್ನೆ ಕೂರೋಕೆ ಒಂದು ನೆಪ.

ನಮ್ಮಲ್ಲಿ ಸುಮ್ನೆ ಕೂತವನನ್ನು ಯಾರೂ ಬಿಡಲ್ಲ, ಅಲ್ವಾ? ಕೆರೆ ಏರಿ ಮೇಲೆ ಎರಡು ಗಂಟೆ ಒಬ್ಬರೇ ಕೂತು ನೋಡಿ, ಹೋಗಿ ಬರುವವರೆಲ್ಲ “ಮನೇಲಿ ಜಗಳವಾ?” ಅಂತ ವಿಚಾರಿಸುತ್ತಾರೆ. ಕುತ್ತಿಗೆಯಲ್ಲಿ ಕ್ಯಾಮೆರಾ ಇದ್ದರೆ “ಓ, ಫೋಟೋದವರು” ಅಂತ ಮುಂದೆ ಹೋಗುತ್ತಾರೆ.

ನಾನು ಇದನ್ನು ಕಲಿತದ್ದು ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ, ಒಂದು ಫಿಲ್ಮ್ ರೋಲಿಗೆ 36 ಫೋಟೋ ಅನ್ನೋ ಕಾಲದಲ್ಲಿ. ಆಗ ಆಫೀಸಿನ ತಾಪತ್ರಯಕ್ಕೆ ತಿಂಗಳಿಂದ ನಿದ್ದೆ ಇರಲಿಲ್ಲ. ಫೆಬ್ರವರಿಯ ಒಂದು ಭಾನುವಾರ, ಸ್ನೇಹಿತನ ಕ್ಯಾಮೆರಾ ಸಾಲ ತಗೊಂಡು ಹೋದೆ. ಊರೊಳಗಿನ ಹುಣಸೆ ಮರಗಳ ತುಂಬಾ ಹೆಜ್ಜಾರ್ಲೆ (ಅದೇ ಪೆಲಿಕನ್), ಬಣ್ಣದ ಕೊಕ್ಕರೆ. ಆ ಊರಿನವರಿಗೆ ಇವು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು, ನಿಮಗೆ ಗೊತ್ತಿರೋದೇ. ನಾನು ಮದುವೆ ಮನೆ ಫೋಟೋಗ್ರಾಫರ್ ಥರ ಓಡಾಡಿ ಇಪ್ಪತ್ತೇ ನಿಮಿಷದಲ್ಲಿ ರೋಲ್ ಮುಗಿಸಿದೆ. 36ನೇ ಫೋಟೋಗೆ ಬಟನ್ ಒತ್ತೋದಕ್ಕೂ ಮೇಲಿಂದ ಪಚಕ್ ಅಂತ ಬೀಳೋದಕ್ಕೂ ಸರಿಹೋಯ್ತು. ತಲೆ, ಭುಜ, ಲೆನ್ಸು. ಜಗಲಿ ಮೇಲಿದ್ದ ಒಬ್ಬ ಅಜ್ಜಿ ಒಂದು ಚೊಂಬು ನೀರು ತಂದುಕೊಟ್ಟು, “ನಮ್ಗಾದ್ರೆ ಗೊಬ್ಬರ ಆಯ್ತದೆ. ನಿಂಗೇನ್ ಬಂತಪ್ಪ?” ಅಂದರು.

ಮದ್ದೂರಿಗೆ ಬಸ್ಸು ಮಧ್ಯಾಹ್ನವೇ. ಇನ್ನೊಂದು ರೋಲ್ ಕೊಳ್ಳೋಕೆ ಕಾಸಿಲ್ಲ, ಅಂಗಡಿಯೂ ಇಲ್ಲ. ಅದೇ ಜಗಲಿ ಮೇಲೆ ಮೂರು ಗಂಟೆ ಕೂತೆ. ಮೊದಲ ಅರ್ಧ ಗಂಟೆ ಬರೀ ಹೊಟ್ಟೆಯುರಿ. ಆಮೇಲೆ ನೋಡ್ತೀನಿ, ಹೆಜ್ಜಾರ್ಲೆ ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುತ್ತಿದೆ. ಅಷ್ಟು ಹೊತ್ತು ಅಲ್ಲೇ ಇದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಫೋಟೋ ನನ್ನ ಹತ್ತಿರ ಇಲ್ಲ. ಆ ರಾತ್ರಿ ಮಾತ್ರ ಒಂಬತ್ತಕ್ಕೇ ನಿದ್ದೆ ಬಂತು.

ಈಗ ಕ್ಯಾಮೆರಾಗಳು ಸೆಕೆಂಡಿಗೆ 20 ಫೋಟೋ ಹೊಡೆಯುತ್ತವೆ, ಕಾರ್ಡು ಮುಗಿಯೋದೇ ಇಲ್ಲ. ಮುಗಿಯದಿದ್ದರೆ ಕೂರೋದು ಯಾವಾಗ? ಅದಕ್ಕೇ ಈಗಲೂ ನಾನು ಎಲ್ಲಿಗೇ ಹೋದರೂ ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ. ಮತ್ತೆ ಹೇಳ್ತೀನಿ, ಅದೊಂದು ನೆಪ.

ಚೀಟಿ ಬಂತು, ಐದು ನಿಮಿಷವಂತೆ. ಬೆಳಕಿನ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಅಷ್ಟೇ. ಲೆನ್ಸಿನ ವಿಷಯ ಟೀ ಕುಡಿಯುವಾಗ ಕೇಳಿ. ಗೂಡಿನ ವಿಷಯ ಮಾತ್ರ ಬಿಡಲ್ಲ. ರಂಗನತಿಟ್ಟಿನಲ್ಲಿ ದೋಣಿಗೆ ಹುಟ್ಟು ಹಾಕುವವರನ್ನು “ಇನ್ನೂ ಹತ್ತಿರ, ಇನ್ನೂ ಹತ್ತಿರ” ಅಂತ ಕಾಡಬೇಡಿ. ಬೇಸಿಗೆಯಲ್ಲಿ ಅಲ್ಲಿನ ಬಂಡೆಗಳ ಮೇಲೆ ರಿವರ್ ಟರ್ನ್ ಅನ್ನೋ ಹಕ್ಕಿ ಮೊಟ್ಟೆ ಇಟ್ಟಿರುತ್ತದೆ. ತಾಯಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆ ಪಾಲು. ಬಾಣಂತಿ ಕೋಣೆಗೆ ಫ್ಲ್ಯಾಶ್ ಹೊಡೆದುಕೊಂಡು ನುಗ್ತೀರಾ?

ಒಂದೇ ಒಂದು ಸ್ಲೈಡ್ ಹಾಕಪ್ಪ, ಕೊನೇದು. ಹಾಂ, ಇದೇ ಆ 36ನೇ ಫೋಟೋ. ಬಲಗಡೆ ಬೆಳ್ಳಗೆ ಮಬ್ಬಾಗಿ ಕಾಣ್ತಿದೆಯಲ್ಲ, ಅದು ಮೋಡ ಅಲ್ಲ.