ದಾರಿ ತಪ್ಪಿದ ಚಾಲಕನನ್ನು ಏನು ಮಾಡಬೇಕು?

ಸ್ನೇಹಿತರೇ,

ವಿಮಾನ ಚಾಲಕನೊಬ್ಬ ಅನುಮತಿಯಿಲ್ಲದೆ ನಿಯಂತ್ರಿತ ವಾಯುಪ್ರದೇಶದೊಳಗೆ ಬಂದ ಎಂಬ ಸುದ್ದಿ ಕೇಳಿದೊಡನೆ ನಾವು ಮಾಡುವ ಮೊದಲ ಕೆಲಸ ತಪ್ಪಿತಸ್ಥನನ್ನು ಹುಡುಕುವುದು. ಆತ ಸಿಕ್ಕಿಯೂ ಬಿಡುತ್ತಾನೆ. ಆದರೆ ಆತನಿಗೆ ಶಿಕ್ಷೆಯಾದ ಮಾತ್ರಕ್ಕೆ ಆಕಾಶದ ಅಪಾಯ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ನಿಯಂತ್ರಿತ ವಾಯುಪ್ರದೇಶವೆಂದರೆ ನೆಲದ ಮೇಲಿರುವ ವಿಮಾನ ಸಂಚಾರ ನಿಯಂತ್ರಕರ ಅನುಮತಿ ಪಡೆದೇ ಪ್ರವೇಶಿಸಬೇಕಾದ ಆಕಾಶದ ಭಾಗ. ಅದು ಬೇಲಿ ಹಾಕಿದ ಜಾಗವಲ್ಲ. ದೊಡ್ಡ ನಿಲ್ದಾಣದ ಸುತ್ತ ಅದು ಲಾಳಿಕೆಯ ಆಕಾರದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಅಗಲವಾಗುತ್ತಾ ಹೋಗುತ್ತದೆ. ನಿಲ್ದಾಣದ ಬಳಿ ನೆಲದಿಂದಲೇ ಶುರು. ದೂರ ಸರಿದಂತೆ ಅದರ ತಳ ಮೇಲೇರುತ್ತದೆ. ಆ ತಳದ ಕೆಳಗೆ ಸಣ್ಣ ವಿಮಾನಗಳು ಯಾರನ್ನೂ ಕೇಳದೆ ಹಾರಬಹುದು. ಗಡಿ ಇರುವುದು ನಕ್ಷೆಯಲ್ಲಿ. ಕಿಟಕಿಯಾಚೆ ಕಾಣುವುದು ಬರಿಯ ಆಕಾಶ. ಐನೂರು ಅಡಿ ಹೆಚ್ಚು ಏರಿದರೆ ಸಾಕು, ಚಾಲಕನಿಗೆ ಅರಿವಿಲ್ಲದೆಯೇ ಗಡಿ ದಾಟಿರುತ್ತದೆ.

ಅಂಥ ಒಂದು ಪ್ರಕರಣವನ್ನು ಕೊಂಚ ವಿವರವಾಗಿ ನೋಡೋಣ. 1986ರ ಆಗಸ್ಟ್ 31, ಭಾನುವಾರ. ಲಾಸ್ ಏಂಜಲೀಸ್‌ನಲ್ಲಿ ಆಕಾಶ ತಿಳಿಯಾಗಿತ್ತು. ಟೊರೆನ್ಸ್‌ನಿಂದ ಒಂದೇ ಎಂಜಿನ್ನಿನ ಪೈಪರ್ ವಿಮಾನವೊಂದು ಬಿಗ್ ಬೇರ್ ಎಂಬ ಗಿರಿಧಾಮದ ಕಡೆಗೆ ಹೊರಟಿತು. ಒಳಗೆ ಚಾಲಕ, ಆತನ ಹೆಂಡತಿ ಮತ್ತು ಮಗಳು. ಅದೇ ಹೊತ್ತಿಗೆ ಮೆಕ್ಸಿಕೋ ಕಡೆಯಿಂದ ಏರೋಮೆಕ್ಸಿಕೋದ ಡಿಸಿ-9 ವಿಮಾನ 64 ಮಂದಿಯೊಂದಿಗೆ ಲಾಸ್ ಏಂಜಲೀಸ್ ನಿಲ್ದಾಣಕ್ಕೆ ಇಳಿಯುತ್ತಿತ್ತು. ಸೆರಿಟೋಸ್ ಊರಿನ ಮೇಲೆ ನಿಯಂತ್ರಿತ ಪ್ರದೇಶದ ತಳ ಇದ್ದದ್ದು 6,000 ಅಡಿಯಲ್ಲಿ. ಪೈಪರ್ ಸುಮಾರು 6,500 ಅಡಿಗೆ ಏರಿತ್ತು. ರೇಡಾರಿಗೆ ಉತ್ತರವಾಗಿ ಸಂಕೇತ ಕಳಿಸುವ ಸಾಧನಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ; ಪೈಪರ್‌ನಲ್ಲಿದ್ದದ್ದು ಎತ್ತರವನ್ನು ತಿಳಿಸುವ ಬಗೆಯದಾಗಿರಲಿಲ್ಲ. ಅದು ಗಡಿಯ ಒಳಗಿದೆಯೋ ಹೊರಗಿದೆಯೋ ಎಂದು ರೇಡಾರ್ ನೋಡಿ ಹೇಳುವಂತಿರಲಿಲ್ಲ.

ನಿಯಂತ್ರಕ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ? ಅನುಮತಿಯಿಲ್ಲದೆ ಅದೇ ಪ್ರದೇಶಕ್ಕೆ ಬಂದಿದ್ದ ಇನ್ನೊಂದು ಸಣ್ಣ ವಿಮಾನದ ಚಾಲಕನೊಂದಿಗೆ ಮಾತನಾಡುತ್ತಿದ್ದ. ಮುಂದಿನ ಸಲ ನಕ್ಷೆ ನೋಡಿಕೊಂಡು ಬಾ ಎಂದು ಅವನಿಗೆ ಬುದ್ಧಿ ಹೇಳುತ್ತಿದ್ದ. ಅಷ್ಟರಲ್ಲಿ ಡಿಸಿ-9 ಪರದೆಯಿಂದ ಮರೆಯಾಯಿತು. ಪೈಪರ್ ಅದರ ಬಾಲದ ಎಡ ರೆಕ್ಕೆಗೆ ಬಡಿದಿತ್ತು. ಎರಡೂ ವಿಮಾನಗಳಲ್ಲಿದ್ದ 67 ಜನರೊಂದಿಗೆ ಕೆಳಗೆ ಮನೆಗಳಲ್ಲಿದ್ದ 15 ಜನರೂ ಸತ್ತರು. ಪೈಪರನ್ನು ತಾನು ಪರದೆಯ ಮೇಲೆ ಕಾಣಲೇ ಇಲ್ಲ ಎಂದು ನಿಯಂತ್ರಕ ಆಮೇಲೆ ಹೇಳಿದ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ವರದಿಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಎಲ್ಲ ಹೊರೆಯನ್ನೂ ಸತ್ತ ಚಾಲಕನ ಮೇಲೆ ಹೊರಿಸಿ ಕಡತ ಮುಚ್ಚುವುದು ಸುಲಭವಿತ್ತು. ಮಂಡಳಿ ಹಾಗೆ ಮಾಡಲಿಲ್ಲ. ಡಿಕ್ಕಿ ತಪ್ಪಿಸುವಷ್ಟು ಸಾಮರ್ಥ್ಯ ಸಂಚಾರ ನಿಯಂತ್ರಣ ವ್ಯವಸ್ಥೆಗೆ ಇರಲಿಲ್ಲ ಎಂಬುದನ್ನೇ ಮುಖ್ಯ ಕಾರಣವೆಂದು ಹೇಳಿತು. ಪೈಪರ್ ಅಚಾತುರ್ಯದಿಂದ ಗಡಿ ದಾಟಿದ್ದು ಮತ್ತು ಕಣ್ಣಿನಿಂದ ನೋಡಿ ತಪ್ಪಿಸಿಕೊಳ್ಳುವ ಕ್ರಮಕ್ಕಿರುವ ಮಿತಿ, ಇವೆರಡನ್ನು ಪೂರಕ ಕಾರಣಗಳ ಸಾಲಿಗೆ ಸೇರಿಸಿತು. 1989ರಲ್ಲಿ ನ್ಯಾಯಾಲಯದ ಜ್ಯೂರಿಯೂ ಪೈಪರ್ ಚಾಲಕ ಮತ್ತು ಸರ್ಕಾರದ ವಿಮಾನಯಾನ ಆಡಳಿತ ಸಮಸಮ ಹೊಣೆಗಾರರು ಎಂದಿತು. ದೊಡ್ಡ ನಿಲ್ದಾಣಗಳ ಸುತ್ತ ಎತ್ತರ ತಿಳಿಸುವ ಟ್ರಾನ್ಸ್‌ಪಾಂಡರ್, ಪ್ರಯಾಣಿಕ ವಿಮಾನಗಳಲ್ಲಿ ಟಿಕ್ಯಾಸ್ ಎಂಬ ಡಿಕ್ಕಿ ತಡೆ ಸಾಧನ ಕಡ್ಡಾಯವಾದದ್ದು ಈ ದುರಂತದ ನಂತರವೇ.

ಅಲ್ಲಿ ಕಲಿತದ್ದು ಇಲ್ಲಿಗೆ ಬರಲು ತಡವಾಯಿತು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಅಲ್ಲಿ ನಡೆದದ್ದು ಗಡಿ ದಾಟಿದ ಪ್ರಕರಣವಲ್ಲ, ಕಜಕಸ್ತಾನದ ವಿಮಾನ ತನಗೆ ಗೊತ್ತುಪಡಿಸಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಆದರೆ ಆಗ ದೆಹಲಿಯ ನಿಯಂತ್ರಕರ ಬಳಿ ಇದ್ದ ರೇಡಾರ್ ಕೂಡ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ಹತ್ತು ವರ್ಷ ಹಿಂದೆ ಸೆರಿಟೋಸ್‌ನಲ್ಲಿ ಕಂಡಿದ್ದ ಕೊರತೆಯೇ ಇಲ್ಲೂ ಇತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಸಾಧನಗಳ ಮಾತು ಇಷ್ಟು ಸಾಕು. ಮನುಷ್ಯರ ಮಾತು ಇನ್ನೂ ಮುಖ್ಯ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಟಿಡಬ್ಲ್ಯುಎ ಸಂಸ್ಥೆಯ ವಿಮಾನ ಇಳಿಯಬೇಕಾದದ್ದಕ್ಕಿಂತ ಬೇಗನೆ ಕೆಳಗಿಳಿದು, ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಕೆಲವೇ ವಾರಗಳ ಹಿಂದೆ ಬೇರೊಂದು ಸಂಸ್ಥೆಯ ಚಾಲಕರು ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರು. ಆ ಸಂಸ್ಥೆ ತನ್ನ ಚಾಲಕರನ್ನು ಎಚ್ಚರಿಸಿತ್ತು; ವಿಷಯ ಹೊರಗಿನವರಿಗೆ ತಲುಪಿರಲಿಲ್ಲ. ಈ ಪಾಠದಿಂದ 1976ರಲ್ಲಿ ಅಮೆರಿಕದಲ್ಲಿ, ಚಾಲಕರು ತಮ್ಮ ತಪ್ಪನ್ನು ತಾವೇ ತಿಳಿಸುವ ಹೊಸ ವರದಿ ವ್ಯವಸ್ಥೆ ಹುಟ್ಟಿತು. ಅದನ್ನು ನಡೆಸುವ ಹೊಣೆ ದಂಡ ಹಾಕುವ ಇಲಾಖೆಯ ಕೈಗೆ ಹೋಗಲಿಲ್ಲ, ನಾಸಾ ಕೈಗೆ ಬಂತು. ಅಚಾತುರ್ಯದಿಂದ ನಿಯಮ ಮುರಿದ ಚಾಲಕ ಹತ್ತು ದಿನದೊಳಗೆ ವರದಿ ಕಳಿಸಿದರೆ, ಕೆಲವು ಷರತ್ತುಗಳಿಗೆ ಒಳಪಟ್ಟು ದಂಡದಿಂದಲೂ ಪರವಾನಗಿ ಅಮಾನತಿನಿಂದಲೂ ವಿನಾಯಿತಿ ಸಿಗುತ್ತದೆ. ಬೇಕೆಂದೇ ಮಾಡಿದ ತಪ್ಪಿಗೆ, ಅಪರಾಧಕ್ಕೆ, ಅಪಘಾತಕ್ಕೆ ಈ ರಕ್ಷಣೆಯಿಲ್ಲ. ಹೆದರಿಕೆ ಹೋದಲ್ಲಿ ಮಾಹಿತಿ ಬರುತ್ತದೆ. ಯಾವ ಗಡಿಯಲ್ಲಿ ಜನ ಪದೇ ಪದೇ ಎಡವುತ್ತಿದ್ದಾರೆ ಎಂಬುದು ದುರಂತಕ್ಕೆ ಮೊದಲೇ ತಿಳಿಯುತ್ತದೆ.

ಈ ಸಭೆಯಲ್ಲಿ ಹಾರಾಟ ಕಲಿಯುತ್ತಿರುವ ಯುವಕ ಯುವತಿಯರೂ ಇದ್ದೀರಿ. ಜಕ್ಕೂರಿನಿಂದ ಮೇಲೇರಿದರೆ ಪಕ್ಕದಲ್ಲೇ ಯಲಹಂಕ ವಾಯುನೆಲೆ, ಉತ್ತರಕ್ಕೆ ದೇವನಹಳ್ಳಿ, ದಕ್ಷಿಣಕ್ಕೆ ಎಚ್‌ಎಎಲ್. ಇಂಥ ಕಡೆ ಎಲ್ಲಿದ್ದೇನೆಂಬ ಅನುಮಾನ ಬಂದರೆ ಸುಮ್ಮನೆ ಹಾರುತ್ತಾ ಹೋಗಬೇಡಿ. ಸಂಪರ್ಕದಲ್ಲಿರುವ ನಿಯಂತ್ರಕರಿಗೆ ಹೇಳಿ. ಯಾರೂ ಸಿಗದಿದ್ದರೆ ತುರ್ತು ತರಂಗಾಂತರ 121.5ರಲ್ಲಿ ಕರೆಯಿರಿ. ನಿಯಂತ್ರಕರು ದಾರಿ ತೋರಿಸಲು ಕುಳಿತವರು, ಆದರೆ ನೀವು ಬಾಯಿ ಬಿಡದಿದ್ದರೆ ಅವರ ಕೈ ಕಟ್ಟಿಹೋಗುತ್ತದೆ. ತರಬೇತುದಾರರಲ್ಲಿ ನನ್ನದೊಂದು ವಿನಂತಿ: ಶಿಷ್ಯರನ್ನು ಮೊದಲ ಬಾರಿ ಒಂಟಿಯಾಗಿ ದೂರದ ಹಾರಾಟಕ್ಕೆ ಕಳಿಸುವ ಮೊದಲು, "ನಾನು ಎಲ್ಲಿದ್ದೇನೆಂಬುದು ಖಚಿತವಿಲ್ಲ, ನೆರವು ಬೇಕು" ಎಂಬ ಮಾತನ್ನು ರೇಡಿಯೋದಲ್ಲಿ ಹೇಳುವ ಅಭ್ಯಾಸವನ್ನು ಅವರಿಗೆ ಮಾಡಿಸಿ.